ಬೆಲ್ಲ ತಿಂದು ವಾಚು ತೆಗೆದವರು

ಅವರು ನಿಲ್ಲುತ್ತಿದ್ದದ್ದು ಯಾವಾಗಲೂ ಎಡ ಹೆಗಲಿನ ಹಿಂದೆ. ಎದುರು ನಿಂತರೆ ಕೆಲಸ ಮಾಡುವವರ ಕಣ್ಣು ತಮ್ಮ ಕಡೆಗೆ ಬರುತ್ತದೆ, ಬಲಗಡೆ ನಿಂತರೆ ಕೈಗೆ ಅಡ್ಡವಾಗುತ್ತದೆ, ಆದ್ದರಿಂದ ಎಡಗಡೆ, ಸ್ವಲ್ಪ ಹಿಂದೆ. ಇದನ್ನು ಅವರೇ ಒಮ್ಮೆ ನನಗೆ ಬಹಳ ಹೆಮ್ಮೆಯಿಂದ ವಿವರಿಸಿದ್ದರು. ಒಂದು ಬರೆಯುವ ಹಲಗೆಯನ್ನು ಮುಂಗೈಗೆ ಒರಗಿಸಿಕೊಂಡು, ಅದರ ಮೂಲೆಗೆ ಸಿಕ್ಕಿಸಿದ ವಾಚಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ನಿಂತರೆಂದರೆ ಉಸಿರಾಡುವುದೂ ಕೇಳಿಸುತ್ತಿರಲಿಲ್ಲ. ಹಿಂದೆ ಯಾರೋ ಇದ್ದಾರೆ ಎಂದು ಕುತ್ತಿಗೆಗೆ ಮಾತ್ರ ಗೊತ್ತಾಗುತ್ತಿತ್ತು. ಅವರು ಕಾರ್ಖಾನೆ ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ಬಸ್ಸಿನಲ್ಲಿ ಯಾರಾದರೂ ನನ್ನ ಎಡಗಡೆ ಹಾಗೆ ನಿಂತರೆ ನಾನು ಎದ್ದು ಬೇರೆ ಸೀಟಿಗೆ ಹೋಗುತ್ತೇನೆ.

ಕಳೆದ ವಾರ ಅವರು ತೀರಿಕೊಂಡರು. ಸುದ್ದಿ ಬೆಳಿಗ್ಗೆಯೇ ಕಾರ್ಖಾನೆಯ ವಾಟ್ಸ್ಯಾಪ್ ಗುಂಪಿಗೆ ಬಂತು. ಹೂವಿನ ಚೌಕಟ್ಟಿನೊಳಗೆ ಅವರ ಫೋಟೋ, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನು ಹಾಕಲಿಲ್ಲ. ಮಧ್ಯಾಹ್ನ ಆಫೀಸಿನ ಹುಡುಗಿ ಫೋನು ಮಾಡಿ, "ಅಕ್ಕ, ನೀವು ಅವರೊಟ್ಟಿಗೆ ತುಂಬಾ ವರ್ಷ ಇದ್ದವರಲ್ವಾ? ನಮ್ಮ ಪತ್ರಿಕೆಗೆ ಎರಡು ಒಳ್ಳೆ ಮಾತು ಬರ್ದು ಕೊಡ್ಬೇಕಂತೆ" ಎಂದಳು. ಎರಡು ಒಳ್ಳೆಯ ಮಾತು ನನ್ನಲ್ಲಿ ಇವೆ, ಅವನ್ನು ಬರೆಯುತ್ತೇನೆ. ಉಳಿದದ್ದನ್ನೂ ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ.

ನಮ್ಮದು ಕುಂಬ್ರದಿಂದ ಸ್ವಲ್ಪ ಒಳಗೆ ಇರುವ ಗೇರುಬೀಜದ ಕಾರ್ಖಾನೆ. ಊರವರ ಬಾಯಲ್ಲಿ ಬೀಜದ ಫ್ಯಾಕ್ಟರಿ. ಬೇಯಿಸಿದ ಬೀಜವನ್ನು ಒಂದು ಕಡೆ ಒಡೆಯುತ್ತಾರೆ, ಒಳಗಿನ ತಿರುಳನ್ನು ಒಣಗಿಸುತ್ತಾರೆ, ಆಮೇಲೆ ಅದಕ್ಕೆ ಅಂಟಿಕೊಂಡ ಕೆಂಪು ಸಿಪ್ಪೆಯನ್ನು ಸಣ್ಣ ಚೂರಿಯಿಂದ ಕೆರೆದು ತೆಗೆಯಲು ನಮ್ಮ ಹಾಲಿಗೆ, ಹೆಂಗಸರು ಕೂತು ಸುಲಿಯುವ ದೊಡ್ಡ ಕೋಣೆಗೆ, ಬರುತ್ತದೆ. ಈಗ ಅದಕ್ಕೂ ಯಂತ್ರ ಬಂದಿದೆ, ಯಂತ್ರಕ್ಕೆ ಬಗ್ಗದ ತಿರುಳು ಮಾತ್ರ ಹೆಂಗಸರ ಕೈಗೆ ಬರುತ್ತದೆ. ಆಗ ಎಲ್ಲವೂ ಕೈಕೆಲಸ. ಸುಳ್ಯದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ನಾನು ಆ ಹಾಲಿನ ಉಸ್ತುವಾರಿಯಾಗಿ ಸೇರಿದವಳು, ಇನ್ನೂ ಅಲ್ಲೇ ಇದ್ದೇನೆ. ತುಳು, ಬ್ಯಾರಿ, ಮಲಯಾಳ, ನನ್ನ ಅರೆಭಾಷೆ ಎಲ್ಲವೂ ಒಂದೇ ಸೂರಿನಡಿ ಕಲಸಿಹೋಗಿ, ಹೊಸಬರಿಗೆ ಅದು ಸಂತೆಯ ಗದ್ದಲವೆಂದು ಕಾಣುತ್ತಿತ್ತು.

ಆಗ ಮೇಜಿಗೆ ನಾಲ್ಕು ಜನ ಎದುರುಬದುರು ಕೂರುತ್ತಿದ್ದರು. ನಡುವೆ ತಿರುಳಿನ ರಾಶಿ, ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ. ಸಂಜೆ ಆ ತಟ್ಟೆಯ ತೂಕಕ್ಕೇ ಅವರ ಕೂಲಿ. ಈ ಹಾಲಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಶುರು ಮಾಡಿದ್ದೋ ನನಗೆ ಗೊತ್ತಿಲ್ಲ, ನಾನು ಬರುವಾಗಲೇ ಇತ್ತು. ಕೈ ಚುರುಕಾದವಳು ಮಾತಾಡುತ್ತಾ ಆಡುತ್ತಾ, ತಾನು ಸುಲಿದದ್ದರಲ್ಲಿ ಒಂದು ಹಿಡಿಯನ್ನು ಪಕ್ಕದವಳ ತಟ್ಟೆಗೆ ಹಾಕುವುದು. ಹೊಟ್ಟೆನೋವಿನವಳಿಗೆ, ಬೆರಳು ಕೊಯ್ದುಕೊಂಡವಳಿಗೆ, ಹೊಸದಾಗಿ ಸೇರಿದವಳಿಗೆ. ಹಾಕಿದವಳು ಹೇಳುತ್ತಿರಲಿಲ್ಲ, ಹಾಕಿಸಿಕೊಂಡವಳು ನೋಡುತ್ತಿರಲಿಲ್ಲ. ಇವತ್ತು ಹಾಕಿದವಳ ತಟ್ಟೆಗೆ ನಾಳೆ ಇನ್ನೊಬ್ಬಳು ಹಾಕುವಳು. ನನಗೆ ಕಾಣುತ್ತಿತ್ತು, ನಾನು ಸುಮ್ಮನಿದ್ದೆ. ಹಾಲಿನ ಒಟ್ಟು ತೂಕ ಸರಿಯಾಗಿ ಬರುವವರೆಗೆ ಅದರಲ್ಲಿ ನನಗೆ ಕೇಳುವಂಥದ್ದೇನೂ ಇರಲಿಲ್ಲ.

ಹಿಡಿ ಹೆಚ್ಚು ಬೀಳುತ್ತಿದ್ದದ್ದು ಐಸಮ್ಮನ ತಟ್ಟೆಗೆ. ಐಸಮ್ಮ ನಿಧಾನ. ನಿಧಾನವಾದರೂ ಆಕೆಯ ಕೆಲಸ ಚೊಕ್ಕ ಎಂದು ಹೇಳಿ ಅವಳನ್ನು ದೊಡ್ಡವಳನ್ನಾಗಿ ಮಾಡುವ ಮನಸ್ಸು ನನಗಿಲ್ಲ. ಚೊಕ್ಕವೂ ಇರಲಿಲ್ಲ, ತಿರುಳು ತುಂಡಾಗುತ್ತಿತ್ತು. ಅವಳ ಮಗನಿಗೆ ಕುಂಬ್ರದಲ್ಲಿ ಒಳ್ಳೆಯ ಅಂಗಡಿ. "ಉಮ್ಮ ಎಂತಕ್ಕೆ ಹೋಗುದು ಅಕ್ಕ? ನಮಗೆ ಎಂತ ಕಡಿಮೆ ಉಂಟು? ನೀವಾದ್ರೂ ಹೇಳಿ" ಎಂದು ಅವನು ನನ್ನಲ್ಲಿ ಎಷ್ಟೋ ಸಲ ಹೇಳಿದ್ದಾನೆ. ನಾನು ಹೇಳಿದಾಗ ಐಸಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಮನೆಯಲ್ಲಿ ಎಲ್ಲ ಉಂಟು ಅಕ್ಕ. ಆದ್ರೆ ಮಗ ಅಂಗಡಿಗೆ, ಸೊಸೆ ಫೋನಿಗೆ. ಇಲ್ಲಿ ನನ್ನ ಮೇಜಲ್ಲಿ ಮೂರು ಜನ ಉಂಟು" ಎಂದಿದ್ದಳು. ಆ ಮೂರು ಜನಕ್ಕಾಗಿ ಆಕೆ ಜ್ವರವಿದ್ದರೂ ಬರುತ್ತಿದ್ದಳು.

ಇಂಥ ಹಾಲಿಗೆ ಅವರು ಬಂದದ್ದು. ಹೊರಗಿನವರಾಗಿದ್ದರೆ ತಿಳಿಯದೆ ಮಾಡಿದರು ಎಂದು ಬಿಟ್ಟುಬಿಡಬಹುದಿತ್ತು. ಅವರು ಆಲಂಕಾರಿನವರು. ನಮ್ಮದೇ ಮಣ್ಣು, ನಮ್ಮದೇ ಮಾತು, ಹಬ್ಬಕ್ಕೆ ನಮ್ಮ ಹಾಗೆಯೇ ಪತ್ರೊಡೆ ತಿಂದು ಬೆಳೆದವರು. ಎಲ್ಲೋ ದೂರದ ದೊಡ್ಡ ಕಾರ್ಖಾನೆಗಳಲ್ಲಿ ಕೆಲಸದ ಸಮಯ ಅಳೆಯುವ ವಿದ್ಯೆ ಕಲಿತು, ತಲೆ ನರೆತ ಮೇಲೆ ಊರಿನ ಹತ್ತಿರ ಇರೋಣವೆಂದು ನಮ್ಮಲ್ಲಿಗೆ ಸೇರಿದ್ದರು.

ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸುವ ಅಭ್ಯಾಸ. ಬುತ್ತಿ ಬಿಚ್ಚಿದರೆ ಅನ್ನ ಇಲ್ಲಿ, ಸಾರು ಅಲ್ಲಿ, ಉಪ್ಪಿನಕಾಯಿ ಇಷ್ಟೇ ದೂರದಲ್ಲಿ ಎಂದು ಜೋಡಿಸಿಕೊಂಡು, ಕೈ ಒಂದಿಷ್ಟೂ ಸುಮ್ಮನೆ ಓಡಾಡದಂತೆ ಉಣ್ಣುತ್ತಿದ್ದರು. "ಕೈ ಖಾಲಿ ಹೋಗ್ಲಿಕ್ಕಿಲ್ಲ, ಖಾಲಿ ಬರ್ಲಿಕ್ಕಿಲ್ಲ" ಎಂಬುದು ಅವರ ಮಂತ್ರ. ನೀರು ಕುಡಿಯಲು ಎದ್ದರೆ ಹೋಗುವಾಗ ಒಂದು ಕಾಗದ ಒಯ್ಯುತ್ತಿದ್ದರು, ಬರುವಾಗ ಇನ್ನೊಂದು ತರುತ್ತಿದ್ದರು.

ನಮ್ಮ ಕ್ಯಾಷಿಯರರ ಮಗಳ ಮದುವೆ ಪುತ್ತೂರಿನ ಕಲ್ಯಾಣಮಂಟಪದಲ್ಲಿ ಆದಾಗ ನಡೆದದ್ದನ್ನು ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಎಲೆಯ ಮುಂದೆ ಕೂತ ಅವರು ಊಟ ಬಿಟ್ಟು ಬಡಿಸುವವರನ್ನೇ ನೋಡುತ್ತಿದ್ದರು. ಪಾಯಸ ಬರುವಷ್ಟರಲ್ಲಿ ತಡೆಯಲಾಗದೆ ಎದ್ದು ಹೋಗಿ, ಸಾಂಬಾರಿನವನು ಆ ತುದಿಯಿಂದ, ಪಲ್ಯದವನು ಈ ತುದಿಯಿಂದ ಹೊರಟರೆ ಅರ್ಧದಷ್ಟು ನಡಿಗೆ ಉಳಿಯುತ್ತದೆಂದು ಅಡುಗೆಭಟ್ಟರಿಗೆ ಪಾಠ ಶುರುಮಾಡಿದರು. ಭಟ್ಟರು ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿ, "ಆಯ್ತು ಮಾರಾಯ್ರೆ, ಈಗ ನೀವು ಹೋಗಿ ಕೂತ್ಕೊಳ್ಳಿ. ಇಡೀ ಸಾಲಲ್ಲಿ ನಿಮ್ಮ ಎಲೆ ಮಾತ್ರ ಖಾಲಿ ಆಗ್ಲಿಕ್ಕೆ ಬಾಕಿ ಉಂಟು" ಎಂದರು. ಸಾಲಿಗೆ ಸಾಲೇ ನಕ್ಕಿತು. ಅವರು ನಗಲಿಲ್ಲ. ಮರುದಿನ ನನ್ನ ಹತ್ತಿರ, "ಅವರಿಗೆ ಅರ್ಥ ಆಗ್ಲಿಲ್ಲ ಮೇಡಂ" ಎಂದರು.

ಒಳ್ಳೆಯ ಮಾತು ಎರಡು ಎಂದೆನಲ್ಲ, ಅವು ಇಲ್ಲಿವೆ. ಒಂದು, ಅವರು ಯಾರಿಂದಲೂ ಲಂಚ ಎಂದು ಏನನ್ನೂ ಮುಟ್ಟಿದವರಲ್ಲ. ಎರಡನೆಯದು, ಬೀಜ ಒಡೆಯುವ ಕಡೆಯ ಮೇಜುಗಳದ್ದು. ಅಲ್ಲಿ ನಿಂತು ಕಾಲಿನಿಂದ ತುಳಿದು ಬೀಜ ಒಡೆಯುವವರಿಗೆಲ್ಲ ಸೊಂಟನೋವು. ಅವರು ಬಂದು ನೋಡಿ, ಬಡಗಿಯನ್ನು ಕರೆಸಿ, ಒಬ್ಬೊಬ್ಬರ ಎತ್ತರಕ್ಕೆ ತಕ್ಕಂತೆ ಕಾಲಡಿಗೆ ಹಲಗೆ ಕೊಡಿಸಿದರು, ತುಳಿಯುವ ಕೋಲನ್ನು ಮುಂದಕ್ಕೆ ತರಿಸಿದರು. ಆ ವಿಭಾಗದವರು ಇವತ್ತಿಗೂ ಅವರನ್ನು ನೆನೆಯುತ್ತಾರೆ. ಇದರಿಂದ ನನ್ನ ಸಿಟ್ಟು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಮನುಷ್ಯರಿಗೆ ಎಲ್ಲಿ ನೋಯುತ್ತದೆ ಎಂದು ನೋಡಿದ ಕೂಡಲೇ ತಿಳಿಯುವ ಕಣ್ಣು ಅವರಿಗಿತ್ತು. ನಮ್ಮ ಹಾಲಿಗೆ ಬಂದದ್ದೂ ಅದೇ ಕಣ್ಣು.

"ನಾಳೆ ಒಬ್ರು ನಿಮ್ಮ ಕೆಲಸ ನೋಡ್ಲಿಕ್ಕೆ ಬರ್ತಾರೆ" ಎಂದು ಮ್ಯಾನೇಜರು ಹೇಳಿದ್ದನ್ನು ನಾನು ಹಾಗೆಯೇ ಹೆಂಗಸರಿಗೆ ಹೇಳಿದ್ದೆ. ನಮ್ಮ ಕೆಲಸ ನೋಡಲು ಅದುವರೆಗೆ ಯಾರೂ ಬಂದವರಲ್ಲ. ಮರುದಿನ ಎಲ್ಲರೂ ಒಳ್ಳೆಯ ಸೀರೆ ಉಟ್ಟುಕೊಂಡು ಬಂದರು, ಕೆಲವರ ಮುಡಿಯಲ್ಲಿ ಮಲ್ಲಿಗೆಯೂ ಇತ್ತು. ಅವರು ಬಾಗಿಲಲ್ಲಿ ಕಾಣಿಸಿಕೊಂಡು, ತಮ್ಮ ಅಭ್ಯಾಸದಂತೆ ಎಡಗಡೆಯಿಂದ ಬಂದು, ಐಸಮ್ಮನ ಮೇಜಿನ ಹಿಂದೆ ನಿಂತರು. ಬಿಸಿಲಿನಲ್ಲಿ ನಡೆದು ಬಂದಿದ್ದರಿಂದ ಹಣೆ ಬೆವೆತಿತ್ತು. ಐಸಮ್ಮ ಎದ್ದಳು. ಮಧ್ಯಾಹ್ನ ತಲೆ ಸುತ್ತಿದರೆ ಬೇಕಾಗುತ್ತದೆಂದು ಆಕೆ ಚೀಲದಲ್ಲಿ ಬೆಲ್ಲದ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳುತ್ತಿದ್ದಳು. ಒಂದು ಲೋಟ ನೀರು, ಡಬ್ಬಿಯ ಮುಚ್ಚಳದಲ್ಲಿ ಬೆಲ್ಲದ ಒಂದು ತುಂಡು ಹಿಡಿದು, "ಬಾಯಾರಿಕೆ ಆಗಿರ್ಬೇಕು, ತಕ್ಕೊಳ್ಳಿ" ಎಂದಳು.

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದ ಮನೆ ನಮ್ಮ ಕಡೆ ಇಲ್ಲ. ಅದನ್ನು ಮುಟ್ಟಿದ ಮೇಲೆ ಬಂದವರು ನೆಂಟರು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡರು, ನೀರು ಕುಡಿದರು. "ಒಳ್ಳೆ ಬೆಲ್ಲ" ಎಂದರು. ಐಸಮ್ಮನ ಮುಖ ಅರಳಿತು. ಲೋಟವನ್ನು ಹಿಂದಕ್ಕೆ ಕೊಟ್ಟು, ಅಂಗೈ ಒರೆಸಿಕೊಂಡು, ಅವರು ವಾಚು ತೆಗೆದರು.

ಬೇರೆ ಊರುಗಳಲ್ಲಿ ವಾಚು ಹಿಡಿದವರನ್ನು ಕಂಡರೆ ಕೆಲಸದವರು ಕೈ ನಿಧಾನ ಮಾಡುತ್ತಾರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ನಮ್ಮ ಹೆಂಗಸರು ಮಾಡಿದ್ದೇನು? ನೆಂಟರು ನೋಡುತ್ತಿದ್ದಾರೆಂದು, ಮಗಳನ್ನು ನೋಡಲು ಬಂದವರ ಮುಂದೆ ಮನೆಯವರೆಲ್ಲ ಓಡಾಡುತ್ತಾರಲ್ಲ, ಹಾಗೆ ಕೆಲಸ ಮಾಡಿದರು. ಮಾತಿಲ್ಲ, ನಗೆಯಿಲ್ಲ, ನೀರಿಗೆ ಏಳುವುದಿಲ್ಲ. ಐಸಮ್ಮನ ಮರ್ಯಾದೆ ಹೋಗಬಾರದೆಂದು ಮೇಜಿನ ಉಳಿದ ಮೂವರು ಆಕೆಯ ತಟ್ಟೆಗೆ ಹಿಡಿಯ ಮೇಲೆ ಹಿಡಿ ಹಾಕಿದರು. ಅಷ್ಟು ಚುರುಕಾದ ಹಾಲನ್ನು ನಾನೇ ನೋಡಿರಲಿಲ್ಲ, ನನಗೂ ಹೆಮ್ಮೆಯಾಯಿತು. ಅವರು ಮತ್ತೂ ಕೆಲವು ದಿನ ಬಂದರು. ಅಷ್ಟು ದಿನವೂ ಬೆಲ್ಲ ತಿಂದರು, ಅಷ್ಟು ದಿನವೂ ಹಾಲು ಹಾಗೆಯೇ ಓಡಿತು. ಅಳತೆ ಮುಗಿಸಿ ಅವರು ಹೋದ ಸಂಜೆ, ಐಸಮ್ಮನ ಮೇಜಿನ ಲಲಿತ ಎನ್ನುವವಳು ಮಣಿಕಟ್ಟು ತಿಕ್ಕಿಕೊಳ್ಳುತ್ತಾ, "ಇನ್ನೂ ನಾಲ್ಕು ದಿನ ಇದ್ದಿದ್ರೆ ನನ್ನ ಕೈ ಬಿದ್ದೇ ಹೋಗ್ತಿತ್ತು ಅಕ್ಕ" ಎಂದು ನಕ್ಕಳು.

ಅದಾದ ಕೆಲವು ದಿನಗಳಿಗೆ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ ಅವರು ತಮ್ಮ ವಿದ್ಯೆ ವಿವರಿಸಿದರು. ವಾಚಿನಲ್ಲಿ ಬಂದ ಸಮಯವನ್ನು ಹಾಗೆಯೇ ತೆಗೆದುಕೊಳ್ಳುವುದಿಲ್ಲವಂತೆ. ಕೆಲಸ ಮಾಡಿದವರು ಅವಸರದಲ್ಲಿದ್ದರೋ, ಆಲಸ್ಯದಲ್ಲಿದ್ದರೋ, ದಿನವಿಡೀ ತಡೆಯುವ ಹದದಲ್ಲಿದ್ದರೋ ಎಂದು ಅಳೆಯುವವರು ತಮ್ಮ ಕಣ್ಣಿನಿಂದ ತೂಗಿ ಅಂಕ ಕೊಡಬೇಕು. ಹದವಾದ ವೇಗಕ್ಕೆ ನೂರು. ಅವಸರದ ವೇಗವಾದರೆ ಅಂಕ ನೂರಕ್ಕಿಂತ ಮೇಲೆ ಹೋಗುತ್ತದೆ, ಆಗ ದಿನಕ್ಕೆ ಇಷ್ಟು ಕೆಲಸ ಎಂದು ಗೊತ್ತುಮಾಡುವಾಗ ಸಮಯವನ್ನು ಬಿಗಿ ಮಾಡದೆ ಸಡಿಲಿಸಬೇಕು. ಹದ ಹೇಗಿರುತ್ತದೆಂದು ತೋರಿಸಲು ಅವರು ಕ್ಯಾಂಟೀನಿನ ಆ ಗೋಡೆಯಿಂದ ಈ ಗೋಡೆಗೆ ನಡೆದು, "ಇದು ನೂರು" ಎಂದರು. ಮತ್ತೆ ಬಿರುಸಾಗಿ ನಡೆದು, "ಇದು ಜಾಸ್ತಿ ಆಯ್ತು, ಇದನ್ನು ನೂರು ಅಂತ ಬರ್ದ್ರೆ ಅನ್ಯಾಯ" ಎಂದರು. ಪಾಲಿಷಿನ ಬೂಟು ಹಾಕಿಕೊಂಡು ಆಚೆ ಈಚೆ ನಡೆಯುವ ಗಂಡಸನ್ನು ಕಂಡು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಂದಿನಿಂದ ಅವರಿಗೆ ನಮ್ಮಲ್ಲಿ 'ನೂರು ಸಾರ್' ಎಂದೇ ಹೆಸರಾಯಿತು. ಅನ್ಯಾಯ ಎಂಬ ಮಾತು ಅವರ ಬಾಯಿಂದಲೇ ಬಂದದ್ದು, ಅದನ್ನು ನಾನು ಮರೆತಿಲ್ಲ.

ಹೊಸ ಏರ್ಪಾಡು ಬಂತು. ಮೊದಲು ಬಂದದ್ದು ನೀರು. ಹಾಲಿನ ತುದಿಯಲ್ಲಿದ್ದ ನೀರಿನ ಡ್ರಮ್ಮನ್ನು ತೆಗೆಸಿ ಪ್ರತಿ ಸಾಲಿಗೂ ಒಂದೊಂದು ಸಣ್ಣ ಕ್ಯಾನು ಇಡಿಸಿದರು. ಎಲ್ಲರಿಗೂ ಸಂತೋಷವಾಯಿತು, ಸಾರ್ ನಮ್ಮ ಬಗ್ಗೆ ಯೋಚಿಸಿದರಲ್ಲ ಎಂದು. ಡ್ರಮ್ಮಿನವರೆಗೆ ನಡೆದು ಹೋಗುವುದು ಮಡಚಿದ ಮೊಣಕಾಲಿಗೆ ಸಿಗುತ್ತಿದ್ದ ಒಂದೇ ವಿರಾಮ ಎಂದು ತಿಳಿಯುವುದಕ್ಕೆ ಒಂದು ವಾರ ಬೇಕಾಯಿತು. ಆಮೇಲೆ ಮೇಜುಗಳು ಬದಲಾದವು. ಎದುರುಬದುರು ಕೂರುವುದು ತಪ್ಪಿತು, ಎಲ್ಲರೂ ಗೋಡೆಗೆ ಮುಖ ಮಾಡಿ ಸಾಲಾಗಿ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹಲಗೆಯ ಅಡ್ಡ. ಕೊನೆಗೆ ದಿನಕ್ಕೆ ಇಷ್ಟು ಸುಲಿಯಲೇಬೇಕೆಂಬ ಗೊತ್ತು ಬಂತು. ಆ ಬೆಲ್ಲದ ದಿನಗಳ ವೇಗಕ್ಕೆ ಅವರು ನೂರು ಎಂದು ಬರೆದಿದ್ದರು.

ಹಾಲು ಮೂಕವಾಯಿತು. ಚುರುಕಿನವರು ಹೇಗೋ ಮುಟ್ಟಿದರು, ಸಂಜೆ ಮಾತಾಡುವ ತ್ರಾಣ ಉಳಿಯುತ್ತಿರಲಿಲ್ಲ ಅಷ್ಟೇ. ಅಡ್ಡ ಹಲಗೆಯ ಆಚೆ ಹಿಡಿ ಹಾಕಲು ಯಾರ ಕೈಯೂ ಎಟುಕುತ್ತಿರಲಿಲ್ಲ, ಹಾಕಲು ಹೆಚ್ಚಿನದೂ ಇರಲಿಲ್ಲ. ಐಸಮ್ಮನ ತಟ್ಟೆ ತಳ ಕಂಡಿತು. ಗೊತ್ತು ಮುಟ್ಟದವರನ್ನು ಹಾಲಿನಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದೂ ಹೊಸ ಏರ್ಪಾಡಿನಲ್ಲೇ ಸೇರಿತ್ತು. ಆಕೆ ದಿನಾ ಬೇಗ ಬಂದು, ಊಟಕ್ಕೂ ಏಳದೆ ಸುಲಿಯುತ್ತಿದ್ದಳು. ನಾನು ಹತ್ತಿರ ಹೋದರೆ, "ಇವತ್ತು ಆಗ್ತದೆ ಅಕ್ಕ" ಎನ್ನುತ್ತಿದ್ದಳು. ಆಗುತ್ತಿರಲಿಲ್ಲ.

ನಾನು ಅವರ ಕೋಣೆಗೆ ಹೋದೆ. ಕೂರಿ ಎಂದರು, ಕೂರಲಿಲ್ಲ.

"ಸಾರ್, ಆ ದಿನ ಅವರೆಲ್ಲ ನಿಮ್ಮನ್ನು ನೆಂಟರು ಅಂತ ಗ್ರಹಿಸಿ ಹಾಗೆ ಮಾಡಿದ್ದು. ದಿನಾ ಹಾಗೆ ಮಾಡ್ಲಿಕ್ಕೆ ಯಾರಿಂದ ಆಗ್ತದೆ? ಇನ್ನೊಮ್ಮೆ ಅಳೀರಿ."

"ಗೊತ್ತುಂಟು ಮೇಡಂ" ಎಂದರು.

"ಎಂತ ಗೊತ್ತುಂಟು?"

"ಅವರು ಬೆಲ್ಲ ತಂದು ಕೊಟ್ಟಾಗಲೇ ಗೊತ್ತಾಯ್ತು. ನಾನು ಎಲ್ಲಿಯವ? ಆಲಂಕಾರಿನವನೇ ಅಲ್ವಾ? ಹಿಡಿ ಹಾಕ್ತಾ ಇದ್ದದ್ದೂ ಕಂಡಿದೆ."

ಅವರಿಗೆ ತಿಳಿದಿಲ್ಲ, ತಿಳಿಸಿ ಹೇಳಿದರೆ ಸರಿಯಾಗುತ್ತದೆ ಎಂದುಕೊಂಡು ಮೆಟ್ಟಿಲು ಹತ್ತಿ ಬಂದವಳು ನಾನು.

"ಕ್ಯಾಂಟೀನಿನಲ್ಲಿ ನೀವೇ ನಡ್ದು ತೋರಿಸಿದ್ರಲ್ಲ ಸಾರ್, ಜೋರು ನಡೆದದ್ದನ್ನು ನೂರು ಅಂತ ಬರ್ದ್ರೆ ಅನ್ಯಾಯ ಅಂತ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಎಲ್ಲ ಕಡೆ ಜನ ನನ್ನನ್ನು ಕಂಡ್ರೆ ಕೈ ಎಳೀತಾರೆ. ಜೀವಮಾನ ಇಡೀ ಅದೇ ಜಗಳ. ನಿಮ್ಮವರು ಮಾತ್ರ ಪೂರ್ತಿ ಕೊಟ್ಟದ್ದು. ಆಗ್ತದೆ ಅಂತ ಅವರೇ ತೋರಿಸಿದ ಮೇಲೆ ನಾನು ಕಡಿಮೆ ಯಾಕೆ ಬರೀಲಿ?"

"ಐಸಮ್ಮ?"

"ನಾನು ಮನುಷ್ಯರನ್ನು ಅಳೆಯುದಿಲ್ಲ ಮೇಡಂ, ಕೆಲಸ ಅಳೆಯುದು. ಅವರಿಗೆ ಹೊಂದುವ ಕೆಲಸ ನೋಡಿ ಇಟ್ಟಿದ್ದೇನೆ. ಹಿತ್ತಲಲ್ಲಿ ಸಿಪ್ಪೆ ಹರಡುದು. ಅದಕ್ಕೆ ವೇಗ ಬೇಕಂತ ಇಲ್ಲ."

"ಅಲ್ಲಿ ಒಬ್ಬರೇ ಅಲ್ವಾ?"

"ಒಬ್ಬರಿಗೆ ಸಾಕಾಗುವ ಕೆಲಸ ಅದು" ಎಂದರು.

ನಾನು ಮ್ಯಾನೇಜರ ಹತ್ತಿರ ಹೋದೆ. ಬೇಕಾದರೆ ನನ್ನನ್ನೂ ಹಿತ್ತಲಿಗೆ ಹಾಕಿ ಎಂದು ಕೂಗಾಡಿದೆ. ಅವರು ನನ್ನ ಮಾತನ್ನೆಲ್ಲ ಕೇಳಿ, "ಅಳತೆ ಮಾಡಿದವರು ನೂರು ಅಂತ ಬರ್ದ ಮೇಲೆ ನಾನು ಎಂತ ಮಾಡ್ಲಿಕ್ಕುಂಟು?" ಎಂದರು. ಆ ಒಂದು ಅಂಕ ಬದಲಾಗಬೇಕಾದರೆ ನೂರು ಸಾರ್ ಅವರ ಪೆನ್ನೇ ಬೇಕಿತ್ತು. ಆ ಪೆನ್ನಿಗೆ ಮುಚ್ಚಳ ಬಿದ್ದಾಗಿತ್ತು.

ಒಡೆದ ಬೀಜದ ಗಟ್ಟಿ ಸಿಪ್ಪೆಯನ್ನು ಒಣಹಾಕುವ ಹಿತ್ತಲು ಕಾರ್ಖಾನೆಯ ಹಿಂದೆ ಇದೆ. ಕಟು ವಾಸನೆ, ಮೇಲೆ ತಗಡಿನ ಮಾಡು, ಮಾತಾಡಲು ಒಂದು ನರಪಿಳ್ಳೆ ಇಲ್ಲ. ಐಸಮ್ಮ ಅಲ್ಲಿ ಕೆಲವು ದಿನ ಕೋಲು ಹಿಡಿದು ಸಿಪ್ಪೆ ಹರಡಿದಳು. ಊಟದ ಹೊತ್ತಿಗೆ ಬುತ್ತಿ ಹಿಡಿದು ಹಾಲಿಗೆ ಬರುತ್ತಿದ್ದಳು. ಆದರೆ ಅವಳ ಮೇಜಿನ ಮೂವರೂ ಗೊತ್ತು ಮುಟ್ಟುವ ಅವಸರದಲ್ಲಿ ಎರಡು ತುತ್ತು ನುಂಗಿ ಗೋಡೆಯ ಕಡೆ ತಿರುಗಿರುತ್ತಿದ್ದರು. ಒಂದು ದಿನ ಲಲಿತಳ ಬೆನ್ನ ಹಿಂದೆ, ಎಡಗಡೆ, ಐಸಮ್ಮ ಬುತ್ತಿ ಹಿಡಿದುಕೊಂಡು ನಿಂತದ್ದನ್ನು ನಾನು ಕಂಡೆ. ಯಾರೋ ಹಿಂದೆ ನಿಂತಿದ್ದಾರೆಂದು ಗೊತ್ತಾದ ಲಲಿತ, ತಿರುಗಿ ನೋಡದೆ, ಇನ್ನೂ ಬೇಗಬೇಗ ಸುಲಿಯತೊಡಗಿದಳು. ಐಸಮ್ಮ ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು.

ಮರುದಿನ ಆಕೆ ನನ್ನ ಮೇಜಿನ ಹತ್ತಿರ ಬಂದು, "ಮಗನೂ ಹೇಳ್ತಾನೆ, ಇನ್ನು ಸಾಕು ಅಕ್ಕ" ಎಂದಳು. ಬೆಲ್ಲದ ಡಬ್ಬಿಯನ್ನು ನನ್ನ ಮುಂದೆ ಇಟ್ಟಳು. "ಇದು ಇಲ್ಲಿ ಇರ್ಲಿ. ಯಾರಾದ್ರೂ ಬಂದ್ರೆ ಬರೇ ನೀರು ಕೊಡ್ಬೇಡಿ." ಆಗಲೂ ಆಕೆಗೆ ಬಂದವರದೇ ಚಿಂತೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ಐಸಮ್ಮನ ಮೇಲೂ ಇತ್ತು.

ನೂರು ಸಾರ್ ನಿವೃತ್ತರಾದಾಗ ಶಾಲು, ಹಾರ, ಭಾಷಣ ಎಲ್ಲ ಆಯಿತು. ನನಗೆ ಆ ದಿನ ಹಾಲಿನಲ್ಲಿ ತುಂಬಾ ಕೆಲಸವಿತ್ತು, ಹೋಗಲಿಲ್ಲ. ಆಮೇಲೆ ಒಂದೇ ಸಲ ಅವರನ್ನು ಕಂಡದ್ದು, ನೆಲ್ಯಾಡಿಯಲ್ಲಿ, ಹೆದ್ದಾರಿ ಬದಿಯ ಹೋಟೆಲಿನಲ್ಲಿ. ಬಸ್ಸು ಚಹಾಕ್ಕೆ ನಿಂತಿತ್ತು. ಅವರು ಒಂದು ಮೂಲೆಯಲ್ಲಿ ಒಬ್ಬರೇ ಕೂತಿದ್ದರು, ಮುಂದೆ ಆರಿಹೋದ ಚಹಾ. ನನ್ನನ್ನು ಕಂಡು ಗುರುತು ಹಿಡಿದು ನಕ್ಕರು. "ಹೇಗುಂಟು ಮೇಡಂ, ಹಾಲು?" ಎಂದರು. "ಉಂಟು" ಎಂದೆ. "ಗೊತ್ತು ಮುಟ್ಟುತ್ತದಾ?" ಎಂದರು. "ಮುಟ್ಟುತ್ತದೆ" ಎಂದೆ. ಲೋಟ ತಿರುಗಿಸುತ್ತಾ, "ಆ ಬೆಲ್ಲ ಕೊಟ್ಟವರು ಹೇಗಿದ್ದಾರೆ?" ಎಂದರು.

"ಮನೆಯಲ್ಲಿದ್ದಾರೆ" ಎಂದೆ.

"ಒಳ್ಳೆ ಬೆಲ್ಲ ಅದು" ಎಂದರು. ಅಷ್ಟೇ. ತಪ್ಪಾಯಿತು ಎಂದು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಅವರು ಹೇಳಲಿಲ್ಲ. "ಕೂರಿ ಮೇಡಂ, ಚಹಾ ಕುಡೀರಿ" ಎಂದು ಎದುರಿನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದರು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಬಸ್ಸು ಇನ್ನೂ ಬಹಳ ಹೊತ್ತು ನಿಂತೇ ಇತ್ತು. ಕಿಟಕಿಯಿಂದ ಅವರು ಕಾಣುತ್ತಿದ್ದರು, ನಾನು ಮುಖ ತಿರುಗಿಸಿ ಕೂತೆ.

ಸುದ್ದಿ ಬಂದ ದಿನ ಮಧ್ಯಾಹ್ನ ಈಗಿನ ಮ್ಯಾನೇಜರು ನಮ್ಮ ಹಾಲಿಗೆ ಬಂದರು. ಒಳ್ಳೆಯ ಹುಡುಗ, ನೂರು ಸಾರ್ ಅವರನ್ನು ನೋಡಿದವನೂ ಅಲ್ಲ. ಎಲ್ಲ ವಿಭಾಗದಲ್ಲೂ ಒಂದು ನಿಮಿಷ ಮೌನ ಆಚರಿಸಬೇಕೆಂದು ಹೇಳಿದ. ನಾನು ಕೇಳಿದೆ, "ಈ ನಿಮಿಷವನ್ನು ಇವರ ಇವತ್ತಿನ ಗೊತ್ತಿನಿಂದ ಕಳೀತೀರಾ?"

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಸಪ್ಪೆಯಾಯಿತು. "ಅದು ಹಿಂದಿನಿಂದ ಬಂದ ಲೆಕ್ಕ ಅಲ್ವಾ ಅಕ್ಕ? ನೀರಿಗೆ, ಕೈ ತೊಳೀಲಿಕ್ಕೆ ಮಾತ್ರ ಸಮಯ ಬಿಟ್ಟದ್ದು. ಇದಕ್ಕೆ ಇಲ್ಲ. ಒಂದು ನಿಮಿಷ ತಾನೆ?"

ಒಂದು ನಿಮಿಷ ಎಂದರೆ ಎಷ್ಟು ಎಂದು ನಮ್ಮ ಹಾಲಿನವರಿಗೆ ಅವನು ಹೇಳಿಕೊಡಬೇಕಾಗಿರಲಿಲ್ಲ. ನಾನು ಎಲ್ಲರಿಗೂ ಏಳಲು ಹೇಳಿದೆ. ಎದ್ದರು. ತಟ್ಟೆಯನ್ನು ಎಡ ಮುಂಗೈಯಿಂದ ಎದೆಗೆ ಆನಿಸಿಕೊಂಡು, ಗೋಡೆಗೆ ಮುಖ ಮಾಡಿ, ತಲೆ ತಗ್ಗಿಸಿ ನಿಂತರು. ಹಾಲು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಸಣ್ಣ ಚೂರಿಗಳು ತಿರುಳನ್ನು ಕೆರೆಯುವ ಸದ್ದು ಕೇಳುತ್ತಿತ್ತು. ಒಂದು ಕೈಯೂ ನಿಂತಿರಲಿಲ್ಲ. ಹುಡುಗ ನನ್ನ ಮುಖ ನೋಡಿದ. ನಾನು ಯಾರಿಗೂ ನಿಲ್ಲಿಸಿ ಎಂದು ಹೇಳಲಿಲ್ಲ.

ಸಂಜೆ ಐಸಮ್ಮನ ಫೋನು ಬಂತು. ಮಗನ ಅಂಗಡಿಯಲ್ಲಿ ಯಾರೋ ಹೇಳಿದ್ದರಂತೆ.

"ಸಾರ್ ಹೋದ್ರಂತಲ್ಲ ಅಕ್ಕ, ಪಾಪ. ನಮ್ಮ ಕೈಯ ಬೆಲ್ಲ ತಿಂದವರು."

"ಹೌದು, ತಿಂದವರು" ಎಂದೆ.

"ಹಾಲಲ್ಲಿ ಎಲ್ಲರೂ ಎದ್ದು ನಿಂತ್ರಾ?"

"ನಿಂತ್ರು."

"ಯಾರಾದ್ರೂ ಅತ್ರಾ?"

"ಯಾರಿಗೂ ಪುರುಸೊತ್ತು ಇರ್ಲಿಲ್ಲ ಐಸಮ್ಮ" ಎಂದೆ.